'ಸಂಸ್ಕಾರ'ಕ್ಕೂ 'ಬಂಗಾರದ ಮನುಷ್ಯ'ನಿಗೂ ಏನು ನಂಟು?

ಸಂಪತ್ ಕುಮಾರ್ ಎಂಬ ಮೈಸೂರಿನ ಹುಡುಗನೊಬ್ಬ 1971–72ರ ಸುಮಾರಿಗೆ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರ 'ವಂಶವೃಕ್ಷ'ದಲ್ಲಿ ಸಣ್ಣದೊಂದು ಪಾತ್ರ ಮಾಡಿದ. 1972ರ ಡಿಸೆಂಬರ್ ಕೊನೆಗೆ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂತು. ಅದರ ರಾಮಾಚಾರಿಯೂ ಇವನೇ, ಹೆಸರು ಮಾತ್ರ ವಿಷ್ಣುವರ್ಧನ್. ಮೊದಲನೆಯದು ರಾಷ್ಟ್ರಪ್ರಶಸ್ತಿ ಪಡೆದ ಹೊಸ ಅಲೆಯ, ಅಂದರೆ ಕಲಾತ್ಮಕ ಧಾರೆಯ ಚಿತ್ರ, ಎರಡನೆಯದು ಟಾಕೀಸಿನ ಮುಂದೆ ಜನಜಾತ್ರೆ ಸೇರಿಸಿದ ಚಿತ್ರ. ನಮ್ಮ ಸಿನಿಮಾ ಚರಿತ್ರೆಗಳಲ್ಲಿ ಈ ಎರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಒಂದನ್ನು ಬರೆಯುವವರು ಇನ್ನೊಂದರ ಕಡೆ ತಿರುಗಿ ನೋಡುವುದೂ ಅಪರೂಪ.

1970ರಿಂದ 1974ರವರೆಗಿನ ಕನ್ನಡವನ್ನು ಹಾಗೆ ಎರಡು ಖಾನೆ ಮಾಡಿ ನೋಡಿದರೆ ಅರ್ಧವಷ್ಟೇ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ನಾಲ್ಕೈದು ವರ್ಷಗಳಲ್ಲಿ ಬಂದ ಚಿತ್ರಗಳನ್ನು ಸುಮ್ಮನೆ ನೆನೆಸಿಕೊಳ್ಳಿ: 'ಸಂಸ್ಕಾರ', 'ಶರಪಂಜರ', 'ವಂಶವೃಕ್ಷ', 'ಬಂಗಾರದ ಮನುಷ್ಯ', 'ನಾಗರಹಾವು', 'ಕಾಡು', 'ಅಬಚೂರಿನ ಪೋಸ್ಟಾಫೀಸು', 'ಎಡಕಲ್ಲು ಗುಡ್ಡದ ಮೇಲೆ', 'ಭೂತಯ್ಯನ ಮಗ ಅಯ್ಯು'. ಇವುಗಳಲ್ಲಿ ಒಂದೂ ಸಿನಿಮಾಕ್ಕೆಂದೇ ಹುಟ್ಟಿದ ಕಥೆಯಲ್ಲ. ಎಲ್ಲವೂ ಮೊದಲು ಅಚ್ಚಾಗಿ, ಜನ ಓದಿ, ಆಮೇಲೆ ತೆರೆಗೆ ಬಂದವು.

ಅನಂತಮೂರ್ತಿ, ಭೈರಪ್ಪ, ಶ್ರೀಕೃಷ್ಣ ಆಲನಹಳ್ಳಿ, ತೇಜಸ್ವಿ ಒಂದು ಕಡೆ. ತ್ರಿವೇಣಿ, ತ.ರಾ.ಸು., ಟಿ.ಕೆ. ರಾಮರಾವ್, ಭಾರತೀಸುತ, ಗೊರೂರು ಇನ್ನೊಂದು ಕಡೆ. ಆದರೆ ಇಬ್ಬರ ಪುಸ್ತಕಗಳೂ ಇದ್ದದ್ದು ಊರಿನ ಅದೇ ಲೈಬ್ರರಿಯ ಅದೇ ಕಪಾಟಿನಲ್ಲಿ.

ಓದುಗರೇ ಪ್ರೇಕ್ಷಕರು

ಅರವತ್ತರ ದಶಕದಲ್ಲಿ ಕನ್ನಡ ಓದು ಎಷ್ಟು ಹರಡಿತ್ತು ಎನ್ನುವುದನ್ನು ಇವತ್ತು ಊಹಿಸಿಕೊಳ್ಳುವುದು ಸ್ವಲ್ಪ ಕಷ್ಟ. 'ಸುಧಾ' ವಾರಪತ್ರಿಕೆ 1965ರಲ್ಲಿ, 'ಮಯೂರ' 1968ರಲ್ಲಿ ಶುರುವಾದವು. 'ಪ್ರಜಾಮತ' ಅದಕ್ಕೂ ಮೊದಲಿನಿಂದ ಇತ್ತು. ಧಾರಾವಾಹಿಗಾಗಿ ವಾರವಾರವೂ ಕಾಯುವವರಿದ್ದರು. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳು ಬೀದಿಬೀದಿಯಲ್ಲಿದ್ದವು. ಮನೆಯ ಹೆಂಗಸರು ಮಧ್ಯಾಹ್ನದ ಹೊತ್ತು ಒಂದೇ ಪುಸ್ತಕವನ್ನು ಸರದಿಯಲ್ಲಿ ಓದಿ ಮುಗಿಸುತ್ತಿದ್ದರು.

ನಿರ್ಮಾಪಕನ ಲೆಕ್ಕದಲ್ಲಿ ಇದಕ್ಕೆ ಬೆಲೆಯಿತ್ತು. ಹೆಸರಾದ ಕಾದಂಬರಿ ಎಂದರೆ ಮೊದಲ ದಿನವೇ ಟಿಕೆಟ್ ಕೊಳ್ಳಲು ತಯಾರಾಗಿರುವ ಒಂದು ಗುಂಪು. ಆದ್ದರಿಂದಲೇ ಕಾದಂಬರಿಯ ಹೆಸರನ್ನೇ ಚಿತ್ರಕ್ಕೂ ಉಳಿಸಿಕೊಳ್ಳುತ್ತಿದ್ದರು. ಪುಟ್ಟಣ್ಣ ಇದನ್ನು ಚೆನ್ನಾಗಿ ಅರಿತಿದ್ದರು. 'ಬೆಳ್ಳಿಮೋಡ' ತ್ರಿವೇಣಿಯವರದು, 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 1971ರ 'ಶರಪಂಜರ' ಮತ್ತೆ ತ್ರಿವೇಣಿಯವರದು.

ಇಲ್ಲಿ ಸಾಹಿತ್ಯದ ತಲೆಮಾರಿನ ಲೆಕ್ಕವೊಂದು ಸಹಾಯಕ್ಕೆ ಬರುತ್ತದೆ. ಜನಪ್ರಿಯ ಚಿತ್ರಗಳು ಹೆಚ್ಚಾಗಿ ಆಶ್ರಯಿಸಿದ್ದು ನವ್ಯ ಎಂಬ ಆಧುನಿಕ ಸಾಹಿತ್ಯ ಪಂಥಕ್ಕೆ ಮುಂಚಿನ ಅಥವಾ ಅದರ ಹೊರಗಿನ ಬರಹಗಾರರನ್ನು. ತ.ರಾ.ಸು. ಪ್ರಗತಿಶೀಲ ಪಂಥದವರು, ಕಾದಂಬರಿಕಾರ ಅ.ನ.ಕೃ. ಅವರ ಜೊತೆಗಾರರು. ತ್ರಿವೇಣಿ ಮನಃಶಾಸ್ತ್ರ ಓದಿದವರು. ಟಿ.ಕೆ. ರಾಮರಾಯರಿಗೆ ಪತ್ತೇದಾರಿ ಕಾದಂಬರಿಗಳಿಂದಲೂ ಹೆಸರು. ಹೊಸ ಅಲೆಯವರು ನೆಚ್ಚಿದ್ದು ಹೆಚ್ಚಾಗಿ ಕವಿ ಗೋಪಾಲಕೃಷ್ಣ ಅಡಿಗರ ನಂತರ ಬಂದ ನವ್ಯರನ್ನು. ಭೈರಪ್ಪನವರು ಯಾವ ಪಂಥಕ್ಕೂ ಸಿಗದೆ ಪ್ರತ್ಯೇಕವಾಗಿಯೇ ನಿಂತರು. ಹಾಗಾಗಿ ತೆರೆಯ ಮೇಲೆ ಕಂಡ ಎರಡು ಧಾರೆಗಳ ಹಿಂದೆ ಕನ್ನಡ ಕಾದಂಬರಿಯ ಎರಡು ಹಂತಗಳಿದ್ದವು. ಹಂತಗಳು ಬೇರೆಯಾದರೂ ಅವು ಕೈಹಾಕಿದ್ದು ಒಂದೇ ಗಂಟಿಗೆ: ಜಾತಿ, ವಿಧವೆಯ ಬದುಕು, ಹೆಣ್ಣಿನ ಬಯಕೆ, ಕುಟುಂಬದ ಮಾನ.

ಮದರಾಸಿನಲ್ಲಿ ಹುಟ್ಟಿದ ಕನ್ನಡ ಚಿತ್ರ

'ಸಂಸ್ಕಾರ'ದ ಕಥೆ ಬಹಳ ಜನಕ್ಕೆ ಗೊತ್ತು. ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬದುಕಿದ್ದಾಗ ಬ್ರಾಹ್ಮಣ್ಯವನ್ನು ಗಾಳಿಗೆ ತೂರಿದವನು, ಆದರೆ ಬಹಿಷ್ಕಾರ ಹಾಕಿಸಿಕೊಂಡವನಲ್ಲ. ಶವಸಂಸ್ಕಾರ ಯಾರು ಮಾಡಬೇಕು? ಉತ್ತರ ಹುಡುಕಬೇಕಾದ ಪ್ರಾಣೇಶಾಚಾರ್ಯರು ನಾರಣಪ್ಪನ ಜೊತೆಗಾತಿಯಾಗಿದ್ದ ಚಂದ್ರಿಯ ಸಂಗ ಮಾಡಿ ತಾವೇ ಪ್ರಶ್ನೆಯಾಗಿಬಿಡುತ್ತಾರೆ. ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಧಾರವಾಡದ ಮನೋಹರ ಗ್ರಂಥಮಾಲೆ 1965ರಲ್ಲಿ ಪ್ರಕಟಿಸಿತು. ಭೈರಪ್ಪನವರ 'ವಂಶವೃಕ್ಷ' ಕಾದಂಬರಿ ಬಂದದ್ದೂ ಅದೇ ವರ್ಷ. ಮುಂದೆ ಈ ಇಬ್ಬರು ಲೇಖಕರು ಪರಸ್ಪರ ಎಷ್ಟು ದೂರ ಹೋದರೆಂದು ಬಲ್ಲವರಿಗೆ ಈ ಕಾಕತಾಳೀಯ ಸ್ವಲ್ಪ ನಗು ತರಿಸಬಹುದು.

ಚಿತ್ರದ ತಂಡ ಮಾತ್ರ ವಿಚಿತ್ರವಾಗಿತ್ತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಮದರಾಸಿನಲ್ಲಿ ತೆಲುಗು ಚಿತ್ರಗಳ ನಿರ್ಮಾಣದಲ್ಲಿ ತೊಡಗಿದ್ದವರು. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕವನ್. ಸಂಗೀತ ಸರೋದ್ ವಾದಕ ರಾಜೀವ್ ತಾರಾನಾಥರದು. ಕಲೆ ಮದರಾಸಿನ ಬಳಿಯ ಕಲಾವಿದರ ಗ್ರಾಮ ಚೋಳಮಂಡಲದ ಎಸ್.ಜಿ. ವಾಸುದೇವ್ ಅವರದು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಕಾರ್ನಾಡರ ಮನೆಮಾತು ಕೊಂಕಣಿ, ಅವರು ಆಗಷ್ಟೇ ಮದರಾಸಿನ ಪ್ರಕಾಶನ ಸಂಸ್ಥೆಯ ನೌಕರಿ ಬಿಡುವ ಹೊತ್ತು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ನಟರಲ್ಲಿ ಹಲವರು ಮದರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ಇಂಗ್ಲಿಷ್ ನಾಟಕ ತಂಡದವರು. ಚಿತ್ರೀಕರಣ ನಡೆದದ್ದು ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ.

ಇವರೆಲ್ಲ ಹೇಗೆ ಒಟ್ಟಾದರು? ಒಂದು ಉತ್ತರ ಮದರಾಸು. ಕನ್ನಡ ಚಿತ್ರರಂಗವೇ ಆಗ ಮುಕ್ಕಾಲು ಪಾಲು ಕೋಡಂಬಾಕ್ಕಂನಲ್ಲಿ ಬದುಕಿತ್ತು. ಸ್ಟುಡಿಯೋ, ಲ್ಯಾಬ್, ಸೆನ್ಸಾರ್ ಕಚೇರಿ ಎಲ್ಲ ಅಲ್ಲೇ. ಇನ್ನೊಂದು ಉತ್ತರ ಲೋಹಿಯಾ. ರೆಡ್ಡಿ ದಂಪತಿ, ಅನಂತಮೂರ್ತಿ, ಲಂಕೇಶ್ ಎಲ್ಲರೂ ರಾಮಮನೋಹರ ಲೋಹಿಯಾರ ಸಮಾಜವಾದದ ಪ್ರಭಾವದಲ್ಲಿದ್ದವರು. ಜಾತಿಯನ್ನು ಕುರಿತು ಮಾತಾಡದೆ ಸಮತೆಯ ಮಾತಾಡುವುದು ವ್ಯರ್ಥ ಎಂಬ ಲೋಹಿಯಾ ವಾದ ಈ ಚಿತ್ರದ ಬೆನ್ನೆಲುಬಿನಲ್ಲೇ ಇದೆ. ಮುಂದೆ ತುರ್ತುಪರಿಸ್ಥಿತಿಯಲ್ಲಿ ಸ್ನೇಹಲತಾ ಬೆಂಗಳೂರು ಜೈಲು ಸೇರಿದರು. ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಮುಖವನ್ನು ಇವತ್ತು ತೆರೆಯ ಮೇಲೆ ನೋಡುವಾಗ ಅದನ್ನು ಮರೆಯುವುದು ಕಷ್ಟ.

ಸೆನ್ಸಾರ್ ತಕರಾರು ಎಂದರೆ ಏನು ನಡೆದಿತ್ತು?

ಚಿತ್ರವನ್ನು ಮದರಾಸಿನ ಸೆನ್ಸಾರ್ ತಡೆಹಿಡಿಯಿತು. ಜಾತಿಗಳ ನಡುವೆ ಉದ್ವೇಗ ಹುಟ್ಟೀತು ಎಂಬುದು ಆತಂಕ. ಕೊನೆಗೆ ಕೇಂದ್ರ ಸರ್ಕಾರ ಮಧ್ಯೆ ಬಂದು ಬಿಡುಗಡೆ ಮಾಡಿತು, ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನೂ ಕೊಟ್ಟಿತು. ಒಂದೇ ಸರ್ಕಾರದ ಒಂದು ಕೈ ತಡೆದದ್ದನ್ನು ಇನ್ನೊಂದು ಕೈ ಸನ್ಮಾನಿಸಿತು ಎಂದು ತಮಾಷೆಯಾಗಿ ಹೇಳುವುದುಂಟು. ಆದರೆ ಆಗಿನ ವ್ಯವಸ್ಥೆ ಇದ್ದದ್ದೇ ಹಾಗೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರವನ್ನು ಮೊದಲು ಪರಿಶೀಲನಾ ಸಮಿತಿ ನೋಡಬೇಕು. ಅಲ್ಲಿ ಒಪ್ಪಿಗೆಯಾಗದಿದ್ದರೆ ಪುನರ್‌ಪರಿಶೀಲನಾ ಸಮಿತಿ. ಅಲ್ಲೂ ಬಾಗಿಲು ಮುಚ್ಚಿದರೆ ಮೇಲ್ಮನವಿ ಹೋಗಬೇಕಾದದ್ದು ನೇರವಾಗಿ ಕೇಂದ್ರ ಸರ್ಕಾರಕ್ಕೆ, ಅಂದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಸ್ವತಂತ್ರ ನ್ಯಾಯಮಂಡಳಿ ಎಂಬುದು ಎಂಬತ್ತರ ದಶಕದವರೆಗೂ ಇರಲೇ ಇಲ್ಲ. ಹಾಗಾಗಿ ಚಿತ್ರವೊಂದು ಉಳಿಯುತ್ತದೋ ಇಲ್ಲವೋ ಎಂಬುದು ದೆಹಲಿಯ ಅಧಿಕಾರಿ, ಮಂತ್ರಿಗಳ ಅಭಿರುಚಿಗೆ ಬಿಟ್ಟ ವಿಷಯ. 1970ರ ಸೆಪ್ಟೆಂಬರಿನಲ್ಲೇ ಸುಪ್ರೀಂ ಕೋರ್ಟು ಕೆ.ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ತೀರ್ಪು ಕೊಟ್ಟು, ಸಿನಿಮಾಕ್ಕೆ ಬಿಡುಗಡೆಗೆ ಮುಂಚೆಯೇ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಪುಸ್ತಕಕ್ಕೆ ಅಂಥ ಪೂರ್ವಪರೀಕ್ಷೆ ಇಲ್ಲ. ಐದು ವರ್ಷ ಜನರ ಕೈಯಲ್ಲಿ ಓಡಾಡಿದ, ಬೈಸಿಕೊಂಡ, ಹೊಗಳಿಸಿಕೊಂಡ ಅದೇ ಕಥೆ ತೆರೆಗೆ ಬರುವಾಗ ಮಾತ್ರ ಅಪಾಯಕಾರಿ ಎನಿಸಿದ್ದು ಈ ಕಾರಣಕ್ಕೆ. ಓದಲು ಅಕ್ಷರ ಬೇಕು, ನೋಡಲು ಬೇಡ. ಸೆನ್ಸಾರಿನವರ ನಿಜವಾದ ಭಯ ಅದೇ ಇದ್ದಿರಬೇಕು.

ಪದಕ ಬಂದದ್ದರಿಂದ ಆದ ಲಾಭ ಗೌರವಕ್ಕಷ್ಟೇ ಸೀಮಿತವಲ್ಲ. ತಾರೆಯರಿಲ್ಲದೆ, ಹಾಡಿಲ್ಲದೆ, ಹೊರಾಂಗಣದಲ್ಲಿ, ಕಪ್ಪುಬಿಳುಪಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿದ ಚಿತ್ರವೂ ದಡ ಸೇರಬಲ್ಲದು ಎಂಬ ಧೈರ್ಯ ಬಂತು. ಅರವತ್ತರ ದಶಕದ ಕೊನೆಗೆ ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಮತ್ತು ವಾರ್ಷಿಕ ಪ್ರಶಸ್ತಿ ಕೊಡಲು ಶುರು ಮಾಡಿದ್ದೂ ಜೊತೆಗೂಡಿತು. ಸಹಾಯಧನದ ಮೊತ್ತ ರಾಜಕುಮಾರ್ ಚಿತ್ರಕ್ಕೆ ಏನೂ ಅಲ್ಲದಿರಬಹುದು. ಸಣ್ಣ ಚಿತ್ರಕ್ಕೆ ಅದೇ ಬಂಡವಾಳದ ದೊಡ್ಡ ಪಾಲು.

ಗುಬ್ಬಿ ಕಂಪನಿಯ ಹುಡುಗರು

ಮುಂದಿನ ಚಿತ್ರ 'ವಂಶವೃಕ್ಷ'ದ ನಿರ್ಮಾಪಕ ಜಿ.ವಿ. ಅಯ್ಯರ್. ಹೊಸ ಅಲೆಗೆ ಹಣ ಹೂಡಿದ ಈ ಮನುಷ್ಯ ಅದಕ್ಕೆ ಮುಂಚೆ ಮಾಡಿದ್ದು ಅಪ್ಪಟ ಜನಪ್ರಿಯ ಚಿತ್ರಗಳನ್ನು. 'ರಣಧೀರ ಕಂಠೀರವ'ಕ್ಕೆ ಬರೆದವರು, ಹತ್ತಾರು ಚಿತ್ರಗಳಿಗೆ ಹಾಡು ಕಟ್ಟಿದವರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ನಾಯಕರಾಗಿ ತೆರೆಗೆ ಬಂದಾಗ ಅದೇ ಚಿತ್ರದಲ್ಲಿ ಅಯ್ಯರ್ ಕೂಡ ನಟಿಸಿದ್ದರು. ಇಬ್ಬರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ ಬಂದವರು.

ಬಿ.ವಿ. ಕಾರಂತರೂ ಅಲ್ಲಿಂದಲೇ ಬಂದರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಹೀಗೆ ಬೆಳ್ಳಿತೆರೆಯ ಅಣ್ಣಾವ್ರು, ಹೊಸ ಅಲೆಯ ನಿರ್ಮಾಪಕ, ಹೊಸ ರಂಗಭೂಮಿಯ ನಿರ್ದೇಶಕ, ಮೂವರೂ ಒಂದೇ ಕಂಪನಿಯ ಅನ್ನ ಉಂಡವರು. ಕಾರಂತರು ನಾಟಕಕ್ಕೆ ಸಂಗೀತ ಸೇರಿಸುತ್ತಿದ್ದ ರೀತಿ ನೋಡಿದರೆ ಕಂಪನಿ ನಾಟಕದ ಕಿವಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ ಎನಿಸುತ್ತದೆ.

'ವಂಶವೃಕ್ಷ'ಕ್ಕೆ ಕಾರ್ನಾಡ ಮತ್ತು ಕಾರಂತರಿಗೆ ಜಂಟಿಯಾಗಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಎಲ್.ವಿ. ಶಾರದಾ ಮಾಡಿದ ಕಾತ್ಯಾಯನಿಯ ಪಾತ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಮಡಿವಂತ ಶ್ರೋತ್ರಿಗಳ ಮನೆಯ ವಿಧವೆ ಸೊಸೆ ಓದಲು ಹೋಗಿ, ಮತ್ತೆ ಮದುವೆಯಾಗುತ್ತಾಳೆ. ಚಿತ್ರ ಅವಳ ಕಡೆಗೂ ನ್ಯಾಯ ಮಾಡಬೇಕು, ಶ್ರೋತ್ರಿಗಳ ಕಡೆಗೂ ಗೌರವ ಉಳಿಸಬೇಕು ಎಂದು ಒದ್ದಾಡುತ್ತದೆ. ಆ ಒದ್ದಾಟವೇ ಅದರ ಬಲ ಎಂದು ಕೆಲವರು, ಅದೇ ದೌರ್ಬಲ್ಯ ಎಂದು ಕೆಲವರು ವಾದಿಸುತ್ತಾರೆ. ನಾನು ಮೊದಲಿನವರ ಜೊತೆ.

ರಂಗಭೂಮಿಯಲ್ಲೂ ಅದೇ ಹೊತ್ತಿಗೆ ಕಟ್ಟೆ ಒಡೆದಿತ್ತು. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಮೂರು ನಾಟಕ ಆಡಿಸಿದರು: ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರ 'ಸಂಕ್ರಾಂತಿ', ಲಂಕೇಶರೇ ಕನ್ನಡಕ್ಕೆ ತಂದ ಈಡಿಪಸ್. ಕಾರ್ನಾಡರ 'ಹಯವದನ'ವೂ ಈ ವರ್ಷಗಳದ್ದೇ. ತಲೆ ಅದಲುಬದಲಾಗುವ ಕಥಾಸರಿತ್ಸಾಗರದ ಕಥೆ ಜರ್ಮನ್ ಲೇಖಕ ಥಾಮಸ್ ಮಾನ್ ಕೈಯಿಂದ ಹಾದು, ಭಾಗವತ, ಮುಖವಾಡ, ಅರ್ಧಪಟಗಳ ಸಮೇತ ಯಕ್ಷಗಾನದ ಅಂಗಳಕ್ಕೆ ಮರಳಿತು. ಮುಖವಾಡದ ಬಗ್ಗೆ ಕಾರಂತರ ಜೊತೆ ನಡೆದ ಜಗಳದಂಥ ಚರ್ಚೆಯಲ್ಲೇ ಈ ನಾಟಕ ತನ್ನ ತಲೆಯಲ್ಲಿ ರೂಪ ಪಡೆಯಿತು ಎಂದು ಕಾರ್ನಾಡರೇ ಬರೆದುಕೊಂಡಿದ್ದಾರೆ.

ಕಂಬಾರರ ನಾಟಕದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಮಕ್ಕಳಾಗದ ಗೌಡತಿ, ಜೋಕುಮಾರನ ಹುಣ್ಣಿಮೆಯ ಪಡವಲಕಾಯಿ ಪಲ್ಯ, ಅದನ್ನು ಗೌಡನ ಬದಲು ಉಣ್ಣುವ ಬಸಣ್ಣ. ಮೇಲ್ನೋಟಕ್ಕೆ ಫಲವಂತಿಕೆಯ ಜಾನಪದ ಆಟ. ಒಳಗೆ ಕೇಳುತ್ತಿರುವ ಪ್ರಶ್ನೆ, ಉತ್ತವನಿಗೆ ನೆಲವೋ ಕಾಗದ ಇದ್ದವನಿಗೆ ನೆಲವೋ ಎಂದು. ನಾಟಕ ಬಂದದ್ದು 1972ರಲ್ಲಿ. ದೇವರಾಜ ಅರಸು ಮುಖ್ಯಮಂತ್ರಿಯಾದದ್ದೂ ಆ ವರ್ಷವೇ, ಭೂಸುಧಾರಣೆಯ ದೊಡ್ಡ ತಿದ್ದುಪಡಿ ಬಂದದ್ದು 1974ರಲ್ಲಿ.

ರಾಜೀವನ ಹೊಲ, ರಾಮಾಚಾರಿಯ ಕೋಟೆ

ಈಗ 'ಬಂಗಾರದ ಮನುಷ್ಯ'ಕ್ಕೆ ಬನ್ನಿ. 1972ರ ಮಾರ್ಚ್ 31ರಂದು ಬಿಡುಗಡೆಯಾಗಿ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಿರ್ದೇಶಕ ಸಿದ್ಧಲಿಂಗಯ್ಯ, ಸಂಗೀತ ಜಿ.ಕೆ. ವೆಂಕಟೇಶ್. ರಾಜಕುಮಾರ್ ಇನ್ನೂ ತಮ್ಮ ಹಾಡುಗಳನ್ನು ತಾವೇ ಹಾಡುವ ಕಾಲ ಬಂದಿರಲಿಲ್ಲ, ಕಂಠ ಪಿ.ಬಿ. ಶ್ರೀನಿವಾಸರದು. ಅಕ್ಕನ ಸಂಸಾರಕ್ಕೆ ಆಸರೆಯಾಗಲು ಹಳ್ಳಿಗೆ ಬಂದ ರಾಜೀವ ಬರಡು ನೆಲ ಹಸನು ಮಾಡಿ ಊರನ್ನೇ ಮೇಲೆತ್ತುತ್ತಾನೆ. ಚಿತ್ರ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಕಥೆಗಳು ಇವತ್ತಿಗೂ ಹಳೇ ಮೈಸೂರಿನ ಊರುಗಳಲ್ಲಿ ಕೇಳಿಬರುತ್ತವೆ.

'ಜೋಕುಮಾರಸ್ವಾಮಿ' ಕೇಳಿದ ಪ್ರಶ್ನೆಯನ್ನು ಈ ಚಿತ್ರ ಕೇಳುವುದಿಲ್ಲ. ಇಲ್ಲಿ ಬಡತನಕ್ಕೆ ಮದ್ದು ದುಡಿಮೆ, ಒಗ್ಗಟ್ಟು, ಹೊಸ ಬೇಸಾಯ. ನೆಲ ಯಾರದು ಎಂಬ ಜಗಳ ಬದಿಗೆ ಸರಿಯುತ್ತದೆ. ಆ ಮಟ್ಟಿಗೆ ಇದು ಸುಲಭದ ಕನಸು. ಆದರೆ ಕೊನೆ ಸುಲಭದ್ದಲ್ಲ. ಊರಿಗೆಲ್ಲ ಅನ್ನ ಕೊಟ್ಟವನು ತನ್ನವರಿಂದಲೇ ಅಪವಾದ ಹೊತ್ತು, ಎದುರಾಡದೆ, ಸಮರ್ಥನೆ ಕೊಡದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ಯಾರೂ ಹಿಂದೆ ಓಡಿ ಕರೆತರುವುದಿಲ್ಲ. ಕನ್ನಡದ ಅತಿ ದೊಡ್ಡ ತಾರೆಯ ಅತಿ ದೊಡ್ಡ ಗೆಲುವಿನ ಚಿತ್ರ ಹೀಗೆ ಮುಗಿಯುತ್ತದೆ. ಇವತ್ತು ಯಾವ ನಿರ್ಮಾಪಕ ಇದಕ್ಕೆ ಒಪ್ಪಿಯಾನು?

ಈ ಕೊನೆಗಳ ವಿಷಯವೇ ನನಗೆ ಆ ಕಾಲದ ಕೀಲಿ ಎನಿಸುವುದು. ಒಂದೊಂದಾಗಿ ನೋಡಿ. ಪ್ರಾಣೇಶಾಚಾರ್ಯರು ಅಗ್ರಹಾರದ ದಾರಿಯಲ್ಲಿರುವಾಗಲೇ ಕಾದಂಬರಿ ನಿಂತುಬಿಡುತ್ತದೆ. ಅವರು ನಿಜ ಹೇಳಿದರೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಕಾತ್ಯಾಯನಿಯ ಎರಡನೇ ಬಾಳು ನೆಲೆ ನಿಲ್ಲುವುದಿಲ್ಲ. 'ಗೆಜ್ಜೆಪೂಜೆ'ಯ ಚಂದ್ರಾ ಸಾಯುತ್ತಾಳೆ. ಬಾಣಂತನದ ನಂತರ ಬುದ್ಧಿ ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ 'ಶರಪಂಜರ'ದ ಕಾವೇರಿಯನ್ನು ಗಂಡನ ದ್ರೋಹ, ನೆರೆಹೊರೆಯ ನೋಟ ಮತ್ತೆ ಅಲ್ಲಿಗೇ ತಳ್ಳುತ್ತವೆ. ರಾಮಾಚಾರಿ ಮಾರ್ಗರೆಟ್ ಜೊತೆ ಚಿತ್ರದುರ್ಗದ ಬೆಟ್ಟದಿಂದ ಹಾರುತ್ತಾನೆ, ಅದಕ್ಕೂ ಮುಂಚೆ ಅವನ ಚಾಮಯ್ಯ ಮೇಷ್ಟ್ರು ಹೋಗಿರುತ್ತಾರೆ. ಪದಕ ಪಡೆದ ಚಿತ್ರವಿರಲಿ, ಬ್ಲಾಕಿನಲ್ಲಿ ಟಿಕೆಟ್ ಮಾರಿಸಿದ ಚಿತ್ರವಿರಲಿ, ಯಾವುದೂ ಗಂಟು ಬಿಚ್ಚಿ ಕೈಗೆ ಕೊಡಲಿಲ್ಲ. ಜನ ಬೇಸರಿಸಿಕೊಳ್ಳದೆ ಮತ್ತೆ ಮತ್ತೆ ಹೋಗಿ ನೋಡಿದರು.

ಯಾಕೆ ಒಪ್ಪಿದರು? ನನ್ನ ಊಹೆ ಇಷ್ಟು. ಅವರಲ್ಲಿ ಬಹಳ ಜನಕ್ಕೆ ಕೊನೆ ಮೊದಲೇ ಗೊತ್ತಿತ್ತು. ಕಾದಂಬರಿ ಓದಿ ಅತ್ತವರೇ ತೆರೆಯ ಮುಂದೆ ಇನ್ನೊಮ್ಮೆ ಅಳಲು ಬಂದಿದ್ದರು. ಕಥೆ ಏನಾಗುತ್ತದೆ ಎನ್ನುವುದಕ್ಕಿಂತ 'ಶರಪಂಜರ'ದ ನಾಯಕಿ ಕಲ್ಪನಾ ಆ ದೃಶ್ಯವನ್ನು ಹೇಗೆ ಮಾಡುತ್ತಾರೆ ಎನ್ನುವುದು ಅವರಿಗೆ ಮುಖ್ಯ. ಓದಿನ ಅಭ್ಯಾಸ ದುರಂತಕ್ಕೆ ಅವರನ್ನು ಹದ ಮಾಡಿತ್ತು.

ಪುಟ್ಟಣ್ಣನವರ ಜಾಣತನ ಇರುವುದು ಇಲ್ಲೇ. ಕಥೆಯ ಕಹಿಯನ್ನು ತೆಗೆಯದೆ ಅದರ ಸುತ್ತ ಹಾಡು, ಬಣ್ಣ, ನಾಟಕೀಯತೆ ಕಟ್ಟಿದರು. 'ಶರಪಂಜರ'ದಲ್ಲಿ ಬೇಂದ್ರೆಯವರ 'ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ' ಕವಿತೆ ಪ್ರೇಮಗೀತೆಯಾಗಿ ಬಂತು. ಕವಿತೆ ಓದದವರ ಬಾಯಲ್ಲೂ ಬೇಂದ್ರೆ ಕುಳಿತರು. ಅದೇ ಬೇಂದ್ರೆಗೆ 1973ರ ಸಾಲಿನ ಜ್ಞಾನಪೀಠ ಬಂದಾಗ ಹಿಗ್ಗಿದವರಲ್ಲಿ ಎಷ್ಟು ಜನ ಅವರನ್ನು ಮೊದಲು ಕೇಳಿದ್ದು ರೇಡಿಯೋದ ಚಿತ್ರಗೀತೆಯಲ್ಲಿ ಎಂದು ಯಾರು ಎಣಿಸಿದ್ದಾರೆ! 'ನಾಗರಹಾವು'ಗೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಒಂದು ಮಾಡಿದರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಲೇಖಕರಿಗೆ ಚಿತ್ರ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಮುನಿದರು ಎಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಪ್ರೇಕ್ಷಕರು ಲೇಖಕರ ಪರ ನಿಲ್ಲಲಿಲ್ಲ. ವಿಷ್ಣುವರ್ಧನ್ ನಾಯಕನಾದರು, ಜಲೀಲನಾಗಿ ಬಂದ ಅಂಬರೀಶ್ ಕೂಡ ಉಳಿದುಕೊಂಡರು.

ದಾಟಿ ಬಂದವರು, ಬಾರದೆ ಉಳಿದದ್ದು

ಎರಡು ಧಾರೆಗಳ ನಡುವೆ ಓಡಾಡಿದವರು ಇನ್ನೂ ಇದ್ದಾರೆ. ಎನ್. ಲಕ್ಷ್ಮೀನಾರಾಯಣ್ 1964ರಲ್ಲೇ ರಾಜಕುಮಾರ್ ಅವರನ್ನು ಇಟ್ಟುಕೊಂಡು 'ನಾಂದಿ' ಮಾಡಿದ್ದರು, ಕಿವಿ ಕೇಳದ ಮಕ್ಕಳ ಮೇಷ್ಟರ ಕಥೆ. ಅವರೇ 1973ರಲ್ಲಿ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕೈಗೆತ್ತಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ಕಾರ್ನಾಡರ 'ಕಾಡು'ವಿನಲ್ಲಿ ನಟಿಸಿ ಮರುವರ್ಷ ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಅಯ್ಯು ಆದರು. ರಾಜೀವನ ಕಥೆಯಲ್ಲಿ ಊರಿನ ಕ್ರೌರ್ಯವನ್ನು ಬದಿಗಿಟ್ಟಿದ್ದ ಸಿದ್ಧಲಿಂಗಯ್ಯ ಎರಡೇ ವರ್ಷದಲ್ಲಿ ಬಡ್ಡಿ, ಜಪ್ತಿ, ಸೇಡುಗಳ ಕಡೆ ತಿರುಗಿದ್ದು ಕುತೂಹಲದ ವಿಷಯ.

'ಕಾಡು' ನನ್ನ ಮಟ್ಟಿಗೆ ಈ ಗುಂಪಿನಲ್ಲೇ ಹೆಚ್ಚು ಮಾಗಿದ ಚಿತ್ರ. ಎರಡು ಹಳ್ಳಿಗಳ ಹಗೆಯನ್ನು ಕಿಟ್ಟಿ ಎಂಬ ಹುಡುಗನ ಕಣ್ಣಿಂದ ಹೇಳುತ್ತದೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತ ಹೋಗುವುದರಲ್ಲೇ ಅದರ ಭಯ ಇರುವುದು. ಕ್ಯಾಮೆರಾ ಗೋವಿಂದ ನಿಹಲಾನಿ, ಗೌಡನ ಪಾತ್ರದಲ್ಲಿ ಅಮರೀಶ್ ಪುರಿ. ಹಿಂದಿಯವರು ಅವರನ್ನು ಖಳನಾಯಕನೆಂದು ಕೊಂಡಾಡುವುದಕ್ಕೆ ಎಷ್ಟೋ ವರ್ಷ ಮುಂಚೆ. ಕಮಲಿಯ ಪಾತ್ರಕ್ಕೆ ನಂದಿನಿ ಭಕ್ತವತ್ಸಲ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಪಡೆದರು.

ಇಷ್ಟೆಲ್ಲ ಹೇಳಿದ ಮೇಲೆ ಈ ಕಪಾಟಿನಲ್ಲಿ ಇಲ್ಲದ್ದನ್ನೂ ಹೇಳಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ತಿಂಗಳು ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೀದಿಗಳಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ದಲಿತ ಸಂಘರ್ಷ ಸಮಿತಿಯ ಬೇರು ಈ ಗಲಾಟೆಯಲ್ಲಿದೆ. ಮಾತಿನ ಧಾಟಿಯ ಬಗ್ಗೆ ತಕರಾರು ಇರಬಹುದು, ಆದರೆ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಅಗ್ರಹಾರ, ಶ್ರೋತ್ರಿಗಳ ಮನೆ, ಗೌಡರ ಹಟ್ಟಿ, ಮೇಷ್ಟರ ಮನೆ. ಊರಾಚೆಯ ಕೇರಿಯಿಂದ ಕಥೆ ಹೇಳುವವರು ಅಲ್ಲಿ ಯಾರೂ ಇಲ್ಲ. ಜಾತಿಯನ್ನು ಇಷ್ಟು ತೀವ್ರವಾಗಿ ಪ್ರಶ್ನಿಸಿದ ಚಿತ್ರಗಳೂ ಪ್ರಶ್ನಿಸಿದ್ದು ಒಳಗೆ ಕುಳಿತವರ ಸಂಕಟದ ಮೂಲಕವೇ.

ದೇವನೂರ ಮಹಾದೇವರ ಮೊದಲ ಕಥಾಸಂಕಲನ 'ದ್ಯಾವನೂರು' ಬಂದದ್ದೂ 1973ರಲ್ಲೇ. ಸಿದ್ಧಲಿಂಗಯ್ಯ ಎಂಬ ಇನ್ನೊಬ್ಬರು, ಕವಿ, 'ಹೊಲೆಮಾದಿಗರ ಹಾಡು' ತಂದದ್ದು 1975ರಲ್ಲಿ. ಸಿನಿಮಾ ಮಾತ್ರ ಆಗ ಕೈಚಾಚಿದ್ದು ಹಳೆಯ ಪುಸ್ತಕಕ್ಕೆ: ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿ ಸ್ವರ್ಣಪದಕ ತಂದರು, ಚೋಮನಾಗಿ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟರಾದರು. ಒಳ್ಳೆಯ ಚಿತ್ರ, ಅನುಮಾನವಿಲ್ಲ. ಆದರೆ ದಲಿತನ ಬದುಕಿಗೆ ಕನ್ನಡ ಸಿನಿಮಾ ನಲವತ್ತು ವರ್ಷ ಹಿಂದಿನ ಸವರ್ಣ ಲೇಖಕರ ಕಾದಂಬರಿಯ ಮೂಲಕ ಹೋಗಬೇಕಾಯಿತು.

ಹೊಸದಾಗಿ ನೋಡಲು ಹೊರಟವರು ಪ್ರಶಸ್ತಿಯ ಕ್ರಮದಲ್ಲಿ ನೋಡಬೇಡಿ. 'ಶರಪಂಜರ' ಮತ್ತು 'ವಂಶವೃಕ್ಷ'ವನ್ನು ಅಕ್ಕಪಕ್ಕ ಇಟ್ಟು ನೋಡಿ, ಒಂದೇ ವಾರದಲ್ಲಿ. ಒಂದೇ ಕಾಲದ ಇಬ್ಬರು ಹೆಂಗಸರು, ಕಾವೇರಿ ಮತ್ತು ಕಾತ್ಯಾಯನಿ. ಒಬ್ಬಳಿಗೆ ಹಾಡುಗಳಿವೆ, ಇನ್ನೊಬ್ಬಳಿಗೆ ಮೌನ. ಆಮೇಲೆ ಲೋಕೇಶರಿಗಾಗಿ 'ಕಾಡು', ಬೆನ್ನಿಗೇ 'ಭೂತಯ್ಯನ ಮಗ ಅಯ್ಯು'. 'ಸಂಸ್ಕಾರ'ವನ್ನು ಕೊನೆಗೆ ಇಟ್ಟುಕೊಳ್ಳಿ, ಅದೂ ಕಾದಂಬರಿ ಓದಿದ ಮೇಲೆ. ನಾರಣಪ್ಪನಾಗಿ ಲಂಕೇಶ್ ತೆರೆಯ ಮೇಲೆ ಬರುವುದು ಸ್ವಲ್ಪ ಹೊತ್ತು ಮಾತ್ರ, ಆ ಪಾತ್ರ ಎಷ್ಟು ದೊಡ್ಡದು ಎಂದು ತಿಳಿಯಲು ಪುಸ್ತಕ ಬೇಕು.